ಸೋಮವಾರ ಬೆಳಿಗ್ಗೆ ಏನು ಮಾಡುತ್ತೀರಿ? ಪರಿಸರದ ಉದ್ಯೋಗಗಳನ್ನು ಹತ್ತಿರದಿಂದ ನೋಡುವ ಬಗೆ

ಮುನ್ನೂರು ಮಿಲಿಲೀಟರ್ ಹಿಡಿಯುವ ಗಾಜಿನ ಸೀಸೆ. ಅದರಲ್ಲಿ ಕೊಳಚೆ ನೀರು ಇರುವುದು 6 ಮಿಲಿಲೀಟರ್ ಮಾತ್ರ. ಉಳಿದದ್ದೆಲ್ಲ ಚೆನ್ನಾಗಿ ಗಾಳಿಯಾಡಿಸಿ, ಸೂಕ್ಷ್ಮಜೀವಿಗಳಿಗೆ ಬೇಕಾದ ಲವಣ ಬೆರೆಸಿಟ್ಟ ಶುದ್ಧ ನೀರು. ಒಂದು ಗುಳ್ಳೆಯೂ ಉಳಿಯದಂತೆ ಕಂಠಮಟ್ಟ ತುಂಬಿ, ಬಿರಡೆ ಹಾಕಿ, 20 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಕತ್ತಲಲ್ಲಿ ಇಡುತ್ತಾರೆ. ಇಡುವಾಗ ನೀರಿನಲ್ಲಿ ಕರಗಿದ್ದ ಆಮ್ಲಜನಕ ಲೀಟರಿಗೆ 8.2 ಮಿಲಿಗ್ರಾಂ ಎನ್ನೋಣ. ಐದು ದಿನ ಬಿಟ್ಟು ತೆರೆದಾಗ 4.2. ಕೊಳೆಯನ್ನು ತಿನ್ನುತ್ತ ಬ್ಯಾಕ್ಟೀರಿಯಾಗಳು ಉಸಿರಾಡಿ ಮುಗಿಸಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂ. ಮಾದರಿಯನ್ನು ಐವತ್ತು ಪಟ್ಟು ತೆಳುಮಾಡಿದ್ದೇವಲ್ಲ, ಆದ್ದರಿಂದ ನಾಲ್ಕನ್ನು ಐವತ್ತರಿಂದ ಗುಣಿಸಿದರೆ 200. ಇದು ಆ ನೀರಿನ ಬಿಒಡಿ, ಅಂದರೆ ಜೈವಿಕ ಆಮ್ಲಜನಕ ಬೇಡಿಕೆ. ಮನೆಗಳಿಂದ ಹರಿದುಬರುವ ಕೊಳಚೆ ನೀರಿನಲ್ಲಿ ಈ ಅಂಕಿ ಸಾಮಾನ್ಯವಾಗಿ ಇದರ ಆಸುಪಾಸಿನಲ್ಲೇ ಇರುತ್ತದೆ. ತೆಳುಮಾಡುವ ಅಂದಾಜು ತಪ್ಪಿ ಆಮ್ಲಜನಕವೆಲ್ಲ ಮೂರನೆಯ ದಿನಕ್ಕೇ ಖಾಲಿಯಾಗಿದ್ದರೆ ಐದು ದಿನವೂ ವ್ಯರ್ಥ. ಮತ್ತೆ ಮೊದಲಿನಿಂದ ಶುರು.

ಐದೇ ದಿನ ಏಕೆ? ಬ್ರಿಟನ್ನಿನ ನದಿಗಳ ನೀರು ಸಮುದ್ರ ಸೇರಲು ಐದು ದಿನಕ್ಕಿಂತ ಹೆಚ್ಚು ಹಿಡಿಯುವುದಿಲ್ಲ ಎಂಬ ಲೆಕ್ಕ ಇದರ ಹಿಂದಿದೆ ಎನ್ನುತ್ತಾರೆ. ಅಲ್ಲಿನ ಕೊಳಚೆ ವಿಲೇವಾರಿ ಆಯೋಗ 1912ರ ವರದಿಯಲ್ಲಿ ಈ ಪರೀಕ್ಷೆಯನ್ನು ನೆಲೆಗೊಳಿಸಿತು. ನೂರು ವರ್ಷ ದಾಟಿದರೂ ಜಗತ್ತಿನ ಪ್ರಯೋಗಾಲಯಗಳು ಅದೇ ಐದು ದಿನ ಕಾಯುತ್ತಿವೆ.

ಪರಿಸರಕ್ಕಾಗಿ ದುಡಿಯಬೇಕು ಎನ್ನುವ ಕಾಲೇಜು ವಿದ್ಯಾರ್ಥಿಯ ಕಣ್ಣ ಮುಂದೆ ಈ ಸೀಸೆ ಬರುವುದು ಅಪರೂಪ. ಕಾಡು ಬರುತ್ತದೆ, ಕರಗುವ ಹಿಮ ಬರುತ್ತದೆ, ಸಸಿ ನೆಡುವ ಕೈಗಳು ಬರುತ್ತವೆ. ಕಾಳಜಿಗೆ ಆ ಚಿತ್ರಗಳು ಸಾಕು, ಉದ್ಯೋಗ ಆರಿಸಿಕೊಳ್ಳಲು ಸಾಲವು. 'ಆಸ್ಪತ್ರೆಯಲ್ಲಿ ಕೆಲಸ' ಎಂದವರು ಶಸ್ತ್ರಚಿಕಿತ್ಸಕರೂ ಆಗಿರಬಹುದು, ದಾದಿಯೂ ಆಗಿರಬಹುದು, ಲೆಕ್ಕಿಗರೋ ಲಿಫ್ಟ್ ನೋಡಿಕೊಳ್ಳುವವರೋ ಆಗಿರಬಹುದು. ಪರಿಸರವೂ ಹಾಗೆಯೇ; ಹತ್ತಾರು ವೃತ್ತಿಗಳು ಬಂದು ಸೇರುವ ಜಾಗ ಅದು. ಯಾವ ಸಮಸ್ಯೆ ನನ್ನ ಮನಸ್ಸಿಗೆ ಹತ್ತಿರ ಎಂಬ ಪ್ರಶ್ನೆ ಎರಡನೆಯದು. ಮೊದಲ ಪ್ರಶ್ನೆ, ದಿನಕ್ಕೆ ಎಂಟು ಗಂಟೆ ಬೇಸರವಿಲ್ಲದೆ ಏನು ಮಾಡಬಲ್ಲೆ ಎಂಬುದು. ಅಳೆಯಬಲ್ಲೆನೇ? ಯಂತ್ರ ನಡೆಸಬಲ್ಲೆನೇ? ಲೆಕ್ಕ ಬರೆಯಬಲ್ಲೆನೇ? ಒಪ್ಪದವರ ಮುಂದೆ ಕುಳಿತು ವಾದಿಸಬಲ್ಲೆನೇ? ಮಳೆಯಲ್ಲಿ ನೆನೆಯುತ್ತ ಕಪ್ಪೆ ಎಣಿಸಬಲ್ಲೆನೇ?

ಒಂದು ಅಂಕಿಯ ಹಿಂದೆ ಎಷ್ಟು ಜನ

ಆ 200 ಎಂಬ ಅಂಕಿಯ ಬೆನ್ನು ಹತ್ತಿ ಹೋಗೋಣ. ಅದು ಹುಟ್ಟಿದ್ದು ರಸಾಯನಶಾಸ್ತ್ರವನ್ನೋ ಸೂಕ್ಷ್ಮಜೀವಿಶಾಸ್ತ್ರವನ್ನೋ ಓದಿದ ಪ್ರಯೋಗಾಲಯ ವಿಶ್ಲೇಷಕರ ಕೈಯಲ್ಲಿ. ಅವರಿಗಿಂತ ಮೊದಲು ಯಾರೋ ಒಬ್ಬರು ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿನಲ್ಲಿ ಮಾದರಿ ತೆಗೆದು, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು, ಚೀಟಿ ಅಂಟಿಸಿ ಕಳುಹಿಸಿದ್ದಾರೆ. ಈ ಕೆಲಸವನ್ನು ಕೀಳೆಂದು ತಿಳಿಯುವವರಿದ್ದಾರೆ. ನನಗೆ ಕೇಳಿದರೆ ಇಡೀ ಕ್ಷೇತ್ರ ನಿಂತಿರುವುದು ಈ ಚೀಟಿಯ ಮೇಲೆ. ಮಾದರಿಯೇ ತಪ್ಪಾದರೆ ಆಮೇಲೆ ಎಷ್ಟು ದುಬಾರಿ ಯಂತ್ರವಿದ್ದರೇನು?

ಅಂಕಿ ಅಲ್ಲಿಂದ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಘಟಕ ನಡೆಸುವ ಎಂಜಿನಿಯರ್ ವಾಸ್ತವವಾಗಿ ಒಂದು ಬ್ಯಾಕ್ಟೀರಿಯಾ ಸಾಕಣೆ ಕೇಂದ್ರದ ಯಜಮಾನ. 1914ರಲ್ಲಿ ಮ್ಯಾಂಚೆಸ್ಟರ್‌ನ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ತೋರಿಸಿಕೊಟ್ಟ ವಿಧಾನ ಇಂದಿಗೂ ಚಾಲ್ತಿಯಲ್ಲಿದೆ: ಕೊಳಚೆಗೆ ಗಾಳಿ ಊದಿ, ಕೊಳೆ ತಿನ್ನುವ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಅವುಗಳ ಗಸಿಯನ್ನು ತಳಕ್ಕಿಳಿಸಿ, ಅದರಲ್ಲೇ ಒಂದು ಪಾಲನ್ನು ಮತ್ತೆ ತೊಟ್ಟಿಗೆ ಬಿಡುವುದು. ಘಟಕದವರು ದಿನವೂ ಒಂದು ಲೀಟರ್ ಅಳತೆಯ ಜಾಡಿಗೆ ಆ ಕಂದು ನೀರನ್ನು ತುಂಬಿ ಅರ್ಧ ಗಂಟೆ ನೋಡುತ್ತಾರೆ. ಗಸಿ ಚೊಕ್ಕವಾಗಿ ಇಳಿದು ಮೇಲೆ ತಿಳಿನೀರು ನಿಂತರೆ ತೊಟ್ಟಿಯ ಆರೋಗ್ಯ ಸರಿಯಿದೆ. ಹತ್ತಿಯಂತೆ ಉಬ್ಬಿ ಇಳಿಯದೆ ನಿಂತರೆ ಆ ದಿನ ಊಟ ತಡವಾಗುವುದು ಖಚಿತ. ಬಹುಪಾಲು ಘಟಕಗಳಲ್ಲಿ ವಿದ್ಯುತ್ತಿನ ಅರ್ಧದಷ್ಟು ಗಾಳಿ ಊದುವುದಕ್ಕೇ ಹೋಗುತ್ತದೆ. ಹಾಗಾಗಿ ಬ್ಲೋವರ್‌ನ ವೇಗವನ್ನು ಬೇಕಾದಷ್ಟಕ್ಕೇ ಹೊಂದಿಸುವ ವಿದ್ಯುತ್ ಅಥವಾ ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ಕೂಡ ಪರಿಸರದ ಕೆಲಸವನ್ನೇ ಮಾಡುತ್ತಿರುತ್ತಾನೆ. ಅವನ ಹುದ್ದೆಯ ಹೆಸರಿನಲ್ಲಿ ಆ ಪದವೇ ಇರುವುದಿಲ್ಲ, ಅಷ್ಟೆ.

ನಂತರ ಅದೇ ಅಂಕಿ ನಿಯಂತ್ರಣ ಇಲಾಖೆಯ ಅಧಿಕಾರಿಯ ಮೇಜಿಗೆ ಬರುತ್ತದೆ. ಮಿತಿ ದಾಟಿದೆಯೇ, ನೋಟಿಸ್ ಕೊಡಬೇಕೇ? ವಿವಾದವಾದರೆ ವಕೀಲರ ಕೈಗೆ ಹೋಗುತ್ತದೆ. ಅವರು ಮೊದಲು ಕೇಳುವುದು ನದಿಯ ಗತಿಯನ್ನಲ್ಲ, ಆ ಚೀಟಿಯ ಮೇಲಿನ ದಿನಾಂಕ ಮತ್ತು ಸಹಿಯನ್ನು. ಕಾರ್ಖಾನೆಯದಾದರೆ ಅದರ ವಾರ್ಷಿಕ ಸುಸ್ಥಿರತಾ ವರದಿಯಲ್ಲಿ ಒಂದು ಸಾಲಾಗುತ್ತದೆ. ಸಾಲ ಕೊಡುವ ಬ್ಯಾಂಕಿನವರು ಅದನ್ನು ಅಪಾಯದ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾರೆ. ಪತ್ರಕರ್ತರ ಕಣ್ಣಿಗೆ ಬಿದ್ದರೆ ಸುದ್ದಿ. ಒಂದು ಸೀಸೆ ಎಷ್ಟು ಸಂಬಳಗಳನ್ನು ಹೊತ್ತು ನಿಂತಿದೆ, ನೋಡಿ.

ಇಂಗಾಲದ ಲೆಕ್ಕ ಬರೆಯುವವರು

ಈಗ ಬೇಗ ಬೆಳೆಯುತ್ತಿರುವ ಕೆಲಸಗಳಲ್ಲಿ ಇದೊಂದು. ಹೊರಗಿನವರಿಗೆ ಅತ್ಯಂತ ಮಸುಕಾಗಿ ಕಾಣುವುದೂ ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಒಂದು ಸಂಸ್ಥೆ ವರ್ಷಕ್ಕೆ ಎಷ್ಟು ಹಸಿರುಮನೆ ಅನಿಲ ಹೊರಬಿಡುತ್ತದೆ ಎಂದು ಹೇಳುವುದು ಹೇಗೆ? ಬಾಗಿಲಲ್ಲಿ ಮೀಟರ್ ಇಟ್ಟು ಅಳೆಯಲಾಗುವುದಿಲ್ಲ. ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಮತ್ತು ಉದ್ಯಮಗಳ ಒಂದು ಜಾಗತಿಕ ಒಕ್ಕೂಟ ಸೇರಿ 2001ರಲ್ಲಿ ಹೊರತಂದ ಮಾನದಂಡ, ಜಿಎಚ್‌ಜಿ ಪ್ರೋಟೋಕಾಲ್, ಇದಕ್ಕೆ ಮೂರು ಕಟ್ಟುಗಳನ್ನು ಕೊಟ್ಟಿತು. ನಿಮ್ಮದೇ ಬಾಯ್ಲರ್, ವಾಹನ, ಜನರೇಟರ್‌ಗಳಿಂದ ಹೊರಟದ್ದು ಸ್ಕೋಪ್ 1. ನೀವು ಕೊಂಡ ವಿದ್ಯುತ್ತಿಗಾಗಿ ಬೇರೆಲ್ಲೋ ಉರಿದದ್ದು ಸ್ಕೋಪ್ 2. ಕಚ್ಚಾವಸ್ತು ತಯಾರಿ, ಸಾಗಣೆ, ನೌಕರರ ಓಡಾಟ, ನೀವು ಮಾರಿದ ವಸ್ತುವಿನ ಬಳಕೆ ಹೀಗೆ ನಿಮ್ಮ ಹಿಂದೆ ಮುಂದೆ ಹಬ್ಬಿದ್ದೆಲ್ಲ ಸ್ಕೋಪ್ 3. ಈ ಮೂರನೆಯದರಲ್ಲೇ 15 ಉಪವಿಭಾಗಗಳಿವೆ, ತಲೆನೋವೂ ಅಲ್ಲಿಯೇ ಇದೆ.

ಒಂದು ಕಾಲೇಜಿನ ಲೆಕ್ಕ ಹಾಕಿ ನೋಡೋಣ. ಬಳಕೆಯ ಅಂಕಿಗಳು ನಾನು ಉದಾಹರಣೆಗೆಂದು ಇಟ್ಟುಕೊಂಡವು. ಜನರೇಟರ್ ವರ್ಷಕ್ಕೆ 1,000 ಲೀಟರ್ ಡೀಸೆಲ್ ಕುಡಿದಿದೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಒಂದು ಲೀಟರ್ ಡೀಸೆಲ್ಲಿನ ತೂಕವೇ ಒಂದು ಕಿಲೋ ಇಲ್ಲ, ಇಷ್ಟು ಹೇಗೆ ಬಂತು ಎಂದು ಹುಬ್ಬೇರಿಸಬೇಡಿ, ಉರಿಯುವಾಗ ಗಾಳಿಯ ಆಮ್ಲಜನಕ ಬಂದು ಸೇರಿಕೊಳ್ಳುತ್ತದೆ. ಒಟ್ಟು 2.68 ಟನ್. ವಿದ್ಯುತ್ 5 ಲಕ್ಷ ಯೂನಿಟ್, ಯೂನಿಟ್ಟಿಗೆ ಅರ್ಧ ಕಿಲೋ ಎಂದು ಹಿಡಿದರೆ 250 ಟನ್. (ಈ ಅರ್ಧ ಕಿಲೋ ಎಲ್ಲೆಡೆ ಒಂದೇ ಅಲ್ಲ. ಜಲವಿದ್ಯುತ್ತಿನ ಜಾಲದಲ್ಲಿ ಶೂನ್ಯಕ್ಕೆ ಹತ್ತಿರ, ಕಲ್ಲಿದ್ದಲಿನ ಜಾಲದಲ್ಲಿ ಒಂದು ಕಿಲೋಗೆ ಹತ್ತಿರ.) ಇಷ್ಟರಲ್ಲಿ ಲೆಕ್ಕ ಮುಗಿಯಿತೆಂದು ಫೈಲ್ ಮುಚ್ಚುವ ಹೊಸಬರು ಬಹಳ. ಅನುಭವಿಗಳು ಮುಚ್ಚುವ ಮೊದಲು ಹವಾನಿಯಂತ್ರಣದ ಸರ್ವೀಸ್ ಬಿಲ್ ಕೇಳುತ್ತಾರೆ. ವರ್ಷದಲ್ಲಿ ಚಿಲ್ಲರ್ ಯಂತ್ರಕ್ಕೆ 10 ಕಿಲೋ ಎಚ್‌ಎಫ್‌ಸಿ-134ಎ ಎಂಬ ತಂಪು ಮಾಡುವ ಅನಿಲ ಮರುತುಂಬಿದ್ದಾರೆ ಎಂದಿದ್ದರೆ, ಅಷ್ಟು ಅನಿಲ ಸೋರಿ ಗಾಳಿ ಸೇರಿದೆ ಎಂದೇ ಅರ್ಥ. ನೂರು ವರ್ಷದ ಅವಧಿಗೆ ಲೆಕ್ಕ ಹಾಕಿದರೆ ಇದು ಭೂಮಿಯನ್ನು ಬಿಸಿಮಾಡುವ ಶಕ್ತಿ ಇಂಗಾಲದ ಡೈಆಕ್ಸೈಡಿನ 1,300 ಪಟ್ಟಿಗಿಂತ ಕಡಿಮೆಯಿಲ್ಲ. ಹತ್ತು ಕಿಲೋ ಎಂದರೆ 13 ಟನ್! ಗುಡುಗುಡು ಎಂದು ಹೊಗೆಯುಗುಳಿ ಎಲ್ಲರಿಂದ ಬೈಸಿಕೊಂಡ ಜನರೇಟರಿಗಿಂತ ಸದ್ದಿಲ್ಲದೆ ಸೋರಿದ ಕೊಳವೆಯ ಪಾಪ ಸುಮಾರು ಐದು ಪಟ್ಟು ದೊಡ್ಡದು.

ಇದು ವಾಣಿಜ್ಯ ಓದಿದವರಿಗೆ ಹೇಳಿ ಮಾಡಿಸಿದ ಕೆಲಸ ಎಂದರೆ ಅವರೇ ನಂಬುವುದಿಲ್ಲ. ಬಿಲ್ ಹುಡುಕುವುದು, ಎರಡು ಇಲಾಖೆಗಳ ಅಂಕಿ ತಾಳೆಯಾಗದಿದ್ದರೆ ಬೆನ್ನುಹತ್ತುವುದು, ಊಹೆ ಎಲ್ಲಿ ಬಳಸಿದ್ದೇವೆ ಎಂದು ಬರೆದಿಡುವುದು, ಇವು ಲೆಕ್ಕಪರಿಶೋಧಕರ ಗುಣಗಳೇ. ರಸಾಯನಶಾಸ್ತ್ರ ಬೇಕಾದಷ್ಟನ್ನು ಕಲಿತುಕೊಳ್ಳಬಹುದು, ಗುಮಾನಿ ಪಡುವ ಸ್ವಭಾವವನ್ನು ಯಾರೂ ಕಲಿಸಲಾರರು. ಹಣಕಾಸಿನಲ್ಲಿ ಒಲವಿದ್ದವರಿಗೆ ಪಕ್ಕದಲ್ಲೇ ಇನ್ನೊಂದು ಬಾಗಿಲಿದೆ: 2007ರಲ್ಲಿ ಯುರೋಪಿಯನ್ ಹೂಡಿಕೆ ಬ್ಯಾಂಕ್, ಮರುವರ್ಷ ವಿಶ್ವಬ್ಯಾಂಕ್ ಶುರುಮಾಡಿದ, ಪರಿಸರದ ಯೋಜನೆಗಳಿಗೆಂದೇ ಸಾಲ ಎತ್ತುವ ಹಸಿರು ಬಾಂಡ್‌ಗಳಲ್ಲಿ, ಎತ್ತಿದ ಹಣ ಹೇಳಿದ ಯೋಜನೆಗೇ ಹೋಯಿತೇ ಎಂದು ನೋಡುವವರು ಬೇಕು.

ಓಝೋನ್ ಕಥೆಯಲ್ಲಿ ಯಾರು ಯಾರು ಇದ್ದರು

ಆ ಎಚ್‌ಎಫ್‌ಸಿ ಅನಿಲ ಚಿಲ್ಲರ್ ಒಳಗೆ ಬಂದದ್ದು ಹೇಗೆ ಎಂದು ಹುಡುಕಿದರೆ ಇಡೀ ಕ್ಷೇತ್ರದ ಚಿತ್ರ ಸಿಗುತ್ತದೆ. 1974ರಲ್ಲಿ ಮಾರಿಯೋ ಮೊಲೀನಾ ಮತ್ತು ಶೆರ್ವುಡ್ ರೋಲೆಂಡ್ ಎಂಬ ರಸಾಯನಶಾಸ್ತ್ರಜ್ಞರು, ಫ್ರಿಜ್ಜುಗಳಲ್ಲಿ ಬಳಸುತ್ತಿದ್ದ ಸಿಎಫ್‌ಸಿಗಳು ಮೇಲಿನ ವಾಯುಮಂಡಲದ ಓಝೋನ್ ಪದರವನ್ನು ಕರಗಿಸಬಲ್ಲವು ಎಂದು ಬರೆದರು. ಅದು ಕಾಗದದ ಮೇಲಿನ ಎಚ್ಚರಿಕೆ. ಸಾಕ್ಷಿ ಸಿಕ್ಕಿದ್ದು ಅಂಟಾರ್ಕ್ಟಿಕದ ಹ್ಯಾಲಿ ಕೇಂದ್ರದಲ್ಲಿ. ಅಲ್ಲಿ 1950ರ ದಶಕದಿಂದ ಪ್ರತಿವರ್ಷ ಓಝೋನ್ ಅಳೆಯುತ್ತ ಬಂದಿದ್ದರು. ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಗೆ ಹೊಸದಾಗಿ ಸೇರಿದ ಜೊನಾಥನ್ ಶಾಂಕ್ಲಿನ್ ಅವರಿಗೆ ಒಪ್ಪಿಸಿದ ಕೆಲಸಗಳಲ್ಲೊಂದು, ಕೈಬರಹದಲ್ಲಿ ರಾಶಿ ಬಿದ್ದಿದ್ದ ಆ ಹಳೆಯ ಅಂಕಿಗಳನ್ನು ಕಂಪ್ಯೂಟರಿಗೆ ತುಂಬಿಸುವುದು. ಹೊಸಬರಿಗೆ ಕೊಡುವ ಬೇಸರದ ಕೆಲಸ ಎಂದರೆ ಇದೇ. ಆ ರಾಶಿಯಿಂದಲೇ ವಸಂತಕಾಲದ ಓಝೋನ್ ವರ್ಷದಿಂದ ವರ್ಷಕ್ಕೆ ಕುಸಿಯುತ್ತಿರುವುದು ಎದ್ದು ಕಂಡಿತು. ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಮೂವರು 1985ರಲ್ಲಿ ಅದನ್ನು ಪ್ರಕಟಿಸಿದರು.

ಮುಂದಿನದು ರಾಜತಾಂತ್ರಿಕರ ಪಾಳಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಮುಖ್ಯಸ್ಥರಾಗಿದ್ದ ಮುಸ್ತಫಾ ತೋಲ್ಬಾ, ಮೂಲತಃ ಈಜಿಪ್ಟಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕರು, ದೇಶಗಳನ್ನು ಒಂದೆಡೆ ಕೂರಿಸಿ ಮಾತಾಡಿಸಿದರು. ಸಿಎಫ್‌ಸಿಗಳನ್ನು ಇಳಿಸುವ ಮಾಂಟ್ರಿಯಲ್ ಒಪ್ಪಂದಕ್ಕೆ 1987ರಲ್ಲಿ ಸಹಿ ಬಿತ್ತು. ಆಮೇಲೆ ಬದಲಿ ಅನಿಲ ಹುಡುಕಿದ ಕೈಗಾರಿಕಾ ರಸಾಯನಶಾಸ್ತ್ರಜ್ಞರು, ಕಂಪ್ರೆಸರ್ ಮರುವಿನ್ಯಾಸ ಮಾಡಿದ ಎಂಜಿನಿಯರುಗಳು, ಹಳೆಯ ಅನಿಲವನ್ನು ಗಾಳಿಗೆ ಬಿಡದೆ ಹಿಡಿದಿಡಲು ತರಬೇತಾದ ರಿಪೇರಿಯವರು, ಕಳ್ಳಸಾಗಣೆ ಹಿಡಿಯುವ ಸುಂಕದ ಅಧಿಕಾರಿಗಳು. ಬದಲಿಯಾಗಿ ಬಂದ ಎಚ್‌ಎಫ್‌ಸಿ ಓಝೋನನ್ನು ಮುಟ್ಟಲಿಲ್ಲ, ಆದರೆ ಭೂಮಿಯನ್ನು ಬಿಸಿಮಾಡುತ್ತಿತ್ತು. ಅದನ್ನು ಇಳಿಸಲು 2016ರಲ್ಲಿ ಅದೇ ಒಪ್ಪಂದಕ್ಕೆ ಕಿಗಾಲಿ ತಿದ್ದುಪಡಿ ಬಂತು. ನಲವತ್ತು ವರ್ಷದ ಈ ಸಾಲಿನಲ್ಲಿ 'ಪರಿಸರ ವಿಜ್ಞಾನ' ಎಂಬ ಪದವಿಯಿದ್ದವರು ಎಷ್ಟು ಮಂದಿ? ಬಹುತೇಕರು ತಮ್ಮ ತಮ್ಮ ಕಸುಬಿನಲ್ಲಿ ಗಟ್ಟಿಯಾಗಿದ್ದು, ಆ ಕಸುಬನ್ನು ಈ ಕಡೆಗೆ ತಿರುಗಿಸಿದವರು.

ಕಡತ, ಕಾಡು, ಉಪಗ್ರಹ

ದೊಡ್ಡ ಯೋಜನೆಗಳಿಗೆ ಮುನ್ನ ಪರಿಸರ ಪರಿಣಾಮ ಮೌಲ್ಯಮಾಪನ ಮಾಡಬೇಕೆಂಬ ಪದ್ಧತಿ ಅಮೆರಿಕದ ಕಾನೂನೊಂದರಿಂದ ಶುರುವಾಯಿತು. ಅದಕ್ಕೆ ಅಧ್ಯಕ್ಷರ ಸಹಿ ಬಿದ್ದದ್ದು 1970ರ ಜನವರಿ 1ರಂದು. ಈಗ ನೂರಕ್ಕೂ ಹೆಚ್ಚು ದೇಶಗಳಲ್ಲಿ ಅದು ಕಡ್ಡಾಯ. ಭೂವಿಜ್ಞಾನಿ, ಸಸ್ಯಶಾಸ್ತ್ರಜ್ಞ, ಶಬ್ದ ಅಳೆಯುವವರು, ಸಮಾಜಶಾಸ್ತ್ರಜ್ಞ ಎಲ್ಲರಿಗೂ ಇದರಲ್ಲಿ ಜಾಗವಿದೆ, ಸಂಬಳವೂ ತಕ್ಕಮಟ್ಟಿಗೆ ಸ್ಥಿರ. ಒಂದು ಇರಿಸುಮುರಿಸನ್ನು ಮಾತ್ರ ಮೊದಲೇ ತಿಳಿದಿರಬೇಕು: ಬಹಳ ಕಡೆ ವರದಿ ಬರೆಯುವ ಸಲಹಾ ಸಂಸ್ಥೆಗೆ ಹಣ ಕೊಡುವುದು ಯೋಜನೆ ಮಾಡಹೊರಟವರೇ. ಪರೀಕ್ಷೆ ಬರೆಯುವವನೇ ಮೌಲ್ಯಮಾಪಕರಿಗೆ ಸಂಭಾವನೆ ಕೊಟ್ಟ ಹಾಗೆ. ಈ ಒತ್ತಡದ ನಡುವೆಯೂ 'ಇಲ್ಲಿ ಕಟ್ಟಬೇಡಿ, ಆಚೆ ಕಟ್ಟಿ' ಎಂದು ಬರೆಯುವ ಪ್ರಾಮಾಣಿಕರಿದ್ದಾರೆ. ಸೇರುವ ಮೊದಲು ಆ ಸಂಸ್ಥೆ ಹಿಂದೆ ಬರೆದ ಎರಡು ವರದಿಗಳನ್ನು ಓದಿ. ಪ್ರಾಣಿಗಳ ಪಟ್ಟಿ ಎರಡರಲ್ಲೂ ಅಕ್ಷರಶಃ ಒಂದೇ ಆಗಿದ್ದರೆ ನಿಮಗೆ ಉತ್ತರ ಸಿಕ್ಕಿದಂತೆ.

ವನ್ಯಜೀವಿ ಮತ್ತು ಜೀವಪರಿಸರ ಅಧ್ಯಯನಕ್ಕೆ ಬರುವವರು ಹೆಚ್ಚು, ಹುದ್ದೆ ಕಡಿಮೆ. ಹೆಚ್ಚಿನವು ಅನುದಾನದ ಯೋಜನೆಗಳು, ಯೋಜನೆ ಮುಗಿದರೆ ಕೆಲಸವೂ ಮುಗಿಯಿತು. ಒಂದು ದಿನ ಕಾಡಿನಲ್ಲಿ ಅಲೆದರೆ ಮೂರು ದಿನ ಕಂಪ್ಯೂಟರ್ ಮುಂದೆ ಕ್ಯಾಮೆರಾ ಟ್ರ್ಯಾಪಿನ (ಎದುರಿಗೆ ಏನಾದರೂ ಅಲುಗಿದರೆ ತಾನೇ ಚಿತ್ರ ತೆಗೆಯುವ ಕ್ಯಾಮೆರಾ) ಚಿತ್ರ ವಿಂಗಡಿಸಬೇಕು, ಅವುಗಳಲ್ಲಿ ಬಹುಪಾಲು ಗಾಳಿಗೆ ಅಲ್ಲಾಡಿದ ಹುಲ್ಲು. ಇಲ್ಲಿ ಉಳಿದುಕೊಳ್ಳುವವರು ಸಂಖ್ಯಾಶಾಸ್ತ್ರ ಬಲ್ಲವರು. ಕಂಡ ಪ್ರಾಣಿಗಳನ್ನು ಎಣಿಸುವುದು ಸುಲಭ, ಕಾಣದೆ ತಪ್ಪಿಸಿಕೊಂಡವೆಷ್ಟು ಎಂದು ಅಂದಾಜಿಸುವುದೇ ವಿದ್ಯೆ.

ಇದಕ್ಕೆ ಹೋಲಿಸಿದರೆ ನಕ್ಷೆ ಮತ್ತು ಉಪಗ್ರಹ ಚಿತ್ರದ ಕೌಶಲಕ್ಕೆ ಎಲ್ಲ ಬಾಗಿಲೂ ತೆರೆದಿವೆ. ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹ ಹಾರಿದ್ದು 1972ರಲ್ಲಿ, ಅದರ ಚಿತ್ರಗಳ ಭಂಡಾರ ಎಲ್ಲರಿಗೂ ಉಚಿತವಾದದ್ದು 2008ರಲ್ಲಿ. 2015ರಿಂದ ಹಾರುತ್ತಿರುವ ಯುರೋಪಿನ ಸೆಂಟಿನೆಲ್-2 ಹತ್ತು ಮೀಟರ್ ಅಗಲದ ತುಣುಕನ್ನೂ ಬೇರೆಯಾಗಿ ತೋರಿಸುತ್ತದೆ, ಅದೂ ಉಚಿತ. ಆರೋಗ್ಯವಂತ ಎಲೆ ಕೆಂಪು ಬೆಳಕನ್ನು ನುಂಗಿ, ಕಣ್ಣಿಗೆ ಕಾಣದ ಅವಕೆಂಪನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಇವೆರಡರ ಅಂತರ ನೋಡಿದರೆ ಸಾಕು, ಕಾಡು ಎಲ್ಲಿ ಸೊರಗುತ್ತಿದೆ ಎಂಬುದು ಕುಳಿತಲ್ಲೇ ತಿಳಿಯುತ್ತದೆ. ನಕ್ಷೆ ಮಾಡುವ ಕ್ಯೂಜಿಐಎಸ್ ಎಂಬ ತಂತ್ರಾಂಶಕ್ಕೂ ಹಣ ಕೊಡಬೇಕಿಲ್ಲ. ಹಳೆಯ ಲ್ಯಾಪ್‌ಟಾಪ್ ಮತ್ತು ಒಂದು ರಜೆ ಇದ್ದವರು ಮೊದಲ ನಕ್ಷೆ ಮಾಡಿ ಮುಗಿಸಬಹುದು.

ತ್ಯಾಜ್ಯ, ಸೌರ ಮತ್ತು ಪವನ ವಿದ್ಯುತ್ತು, ಕಟ್ಟಡ ವಿನ್ಯಾಸ, ಪರಿಸರ ಶಿಕ್ಷಣ ಇವನ್ನೆಲ್ಲ ಬಿಡಿಸಿ ಹೇಳಲು ಇನ್ನೊಂದು ಲೇಖನವೇ ಬೇಕು. ಅಲ್ಲಿಯೂ ನೋಡಬೇಕಾದದ್ದು ಬೇರೆಯಲ್ಲ: ಸೋಮವಾರ ಬೆಳಿಗ್ಗೆ ಆ ಮನುಷ್ಯ ಕೈಯಲ್ಲಿ ಏನು ಹಿಡಿದಿರುತ್ತಾನೆ?

ಹಾಗಾದರೆ ಏನು ಓದುವುದು

ಈಗಾಗಲೇ ಬೇರೆ ಪದವಿಯಲ್ಲಿದ್ದರೆ ಅದನ್ನು ಬಿಟ್ಟು ಓಡಬೇಡಿ. ಪದವಿಯ ಹೆಸರು ಹಸಿರಾಗಿರುವುದಕ್ಕಿಂತ, ಇನ್ನೊಬ್ಬರು ಹಣ ಕೊಟ್ಟು ಮಾಡಿಸಿಕೊಳ್ಳುವಂಥ ಒಂದು ಗಟ್ಟಿ ಕೌಶಲ ಕೈಯಲ್ಲಿರುವುದು ಮುಖ್ಯ: ರಾಸಾಯನಿಕ ವಿಶ್ಲೇಷಣೆ, ಸಂಖ್ಯಾಶಾಸ್ತ್ರ, ನಕ್ಷೆ, ಕಾನೂನು, ಲೆಕ್ಕಪರಿಶೋಧನೆ, ಯಾವುದಾದರೂ ಒಂದು. ಅದರ ಮೇಲೆ ಪರಿಸರದ ತಿಳಿವನ್ನು ಕಸಿ ಮಾಡಬಹುದು. ಬರಿಯ ಕಾಳಜಿಯ ಮೇಲೆ ಕೌಶಲವನ್ನು ಕಸಿ ಮಾಡಹೊರಟವರು ಸ್ನಾತಕೋತ್ತರ ಪದವಿ ಮುಗಿದ ಮೇಲೆ ಪೇಚಾಡುವುದು ಹೆಚ್ಚು. ಪರಿಸರ ವಿಜ್ಞಾನದಲ್ಲೇ ಇರುವವರು ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಎಂಬಲ್ಲಿ ನಿಲ್ಲದೆ, ಒಂದು ಪರೀಕ್ಷೆಯನ್ನೋ ಒಂದು ತಂತ್ರಾಂಶವನ್ನೋ ತಳಮುಟ್ಟ ಕಲಿಯಬೇಕು.

ರುಚಿ ನೋಡಲು ನೌಕರಿಯೇ ಬೇಕೆಂದಿಲ್ಲ. ನಿಮ್ಮ ಕಾಲೇಜಿನ ಹನ್ನೆರಡು ತಿಂಗಳ ವಿದ್ಯುತ್ ಬಿಲ್ ಕೇಳಿ, ಮೇಲಿನ ಲೆಕ್ಕವನ್ನು ನೀವೇ ಹಾಕಿ. ಬಿಲ್ ಪಡೆಯಲು ಎಷ್ಟು ಬಾಗಿಲು ತಟ್ಟಬೇಕಾಯಿತು ಎಂಬುದೂ ಆ ಪಾಠದ ಭಾಗವೇ. ಹಾಸ್ಟೆಲಿನ ಕಸವನ್ನು ಏಳು ದಿನ ಕೈಗವಸು ಹಾಕಿ ವಿಂಗಡಿಸಿ ತೂಗಿ. ಒಂದೇ ದಿನ ತೂಗಿದರೆ ಹಬ್ಬದ ಮರುದಿನದ ರಾಶಿ ನಿಮ್ಮನ್ನು ಮೋಸಗೊಳಿಸುತ್ತದೆ. ಯಾವುದಾದರೂ ದೊಡ್ಡ ಕಂಪನಿಯ ಸುಸ್ಥಿರತಾ ವರದಿ ತೆರೆದು, ಮುಖಪುಟದ ಎಳೆಚಿಗುರನ್ನು ದಾಟಿ ಕೊನೆಯ ಕೋಷ್ಟಕಗಳಿಗೆ ಹೋಗಿ. 'ಶೇಕಡಾ 30 ಕಡಿತ' ಎಂದಿದ್ದರೆ ಯಾವ ವರ್ಷಕ್ಕೆ ಹೋಲಿಸಿ? ಸ್ಕೋಪ್ 3 ಸೇರಿದೆಯೇ? ಒಟ್ಟು ಅನಿಲ ಇಳಿದಿದೆಯೋ, ತಯಾರಿಸಿದ ಒಂದೊಂದು ವಸ್ತುವಿನ ಲೆಕ್ಕದಲ್ಲಿ ಮಾತ್ರವೋ? ಈ ಮೂರು ಪ್ರಶ್ನೆ ಕೇಳುತ್ತ ಮೂರು ಗಂಟೆ ಕಳೆದದ್ದು ಗೊತ್ತೇ ಆಗದಿದ್ದರೆ ನಿಮಗೆ ಲೆಕ್ಕದ ದಾರಿ ಹಿಡಿಸುತ್ತದೆ. ಹದಿನೈದು ನಿಮಿಷಕ್ಕೆ ಆಕಳಿಕೆ ಬಂದರೆ ಅದೂ ಒಳ್ಳೆಯ ಸುದ್ದಿಯೇ, ಎರಡು ವರ್ಷ ಉಳಿಯಿತು.

ಇಂಟರ್ನ್‌ಶಿಪ್‌ಗೆ ಹೋದಾಗ ಸಂಸ್ಥೆಯ ಧ್ಯೇಯವಾಕ್ಯ ಕೇಳಬೇಡಿ. ಪ್ರಯೋಗಾಲಯವಾದರೆ ವಾರದ ಯಾವ ದಿನ ಬಿಒಡಿ ಸೀಸೆ ಇಡುತ್ತೀರಿ ಎಂದು ಕೇಳಿ. ಮಂಗಳವಾರ ಇಟ್ಟ ಸೀಸೆಯನ್ನು ಭಾನುವಾರ ತೆರೆಯಬೇಕು. ಆ ದಿನ ಬೀಗದ ಕೈ ಯಾರ ಬಳಿ ಇರುತ್ತದೆ ಎಂಬ ಪ್ರಶ್ನೆಗೆ ಅಲ್ಲಿನವರು ತಡವರಿಸದೆ ಒಂದು ಹೆಸರು ಹೇಳಿದರೆ, ಸೇರಿಕೊಳ್ಳಿ. ಮುಂದಿನ ತಿಂಗಳು ಆ ಹೆಸರು ನಿಮ್ಮದೇ ಆಗಿರುತ್ತದೆ.